ಎತ್ತಿನ ರಕ್ತ ವಾಪಸ್ ಕೊಟ್ಟದ್ದು

ಒಪ್ಪಿಗೆ ಪತ್ರದಲ್ಲಿ ‘ಪ್ರಾಣಿಯ ಮಾಲೀಕರ ಹೆಸರು’ ಎಂಬ ಜಾಗದಲ್ಲಿ ನಾನು ‘ದೇವರು’ ಎಂದು ಬರೆದೆ. ಸುಳ್ಳೇನೂ ಬರೆದಿರಲಿಲ್ಲ. ಒಂದು ವಾರಕ್ಕೆ, ಪ್ರಾಣಿಗಳ ಮೇಲಿನ ಅಧ್ಯಯನಕ್ಕೆ ಅನುಮತಿ ಕೊಡುವ ಸಮಿತಿಯಿಂದ ಆ ಪತ್ರ ತಿರುಗಿ ಬಂತು. ಮಾಲೀಕರ ವಯಸ್ಸು, ಪೂರ್ಣ ವಿಳಾಸ, ಮೊಬೈಲ್ ನಂಬರ್ ಖಾಲಿ ಬಿಟ್ಟಿದ್ದೀರಿ, ತುಂಬಿ ಕಳಿಸಿ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಕೆಳಗೆ ಇನ್ನೊಂದು ಪ್ರಶ್ನೆ ಇತ್ತು: ಮಾಲೀಕರು ಮುಂದೆ ಮನಸ್ಸು ಬದಲಾಯಿಸಿ ಒಪ್ಪಿಗೆ ಹಿಂದಕ್ಕೆ ಪಡೆದರೆ ಅದನ್ನು ನಿಮಗೆ ಹೇಗೆ ತಿಳಿಸುತ್ತಾರೆ?

ಈ ಕೊನೆಯ ಪ್ರಶ್ನೆಗೆ ನಮ್ಮ ಕಡೆಯವರಿಗೆಲ್ಲ ಉತ್ತರ ಗೊತ್ತು. ಬರೆದು ಕಳಿಸುವ ಧೈರ್ಯ ಮಾತ್ರ ನನಗೆ ಆ ದಿನ ಬರಲಿಲ್ಲ.

ನಾನು ದೊಡ್ಡಉಳ್ಳಾರ್ತಿ ಕಾವಲಿನ ಪಕ್ಕದ ಒಂದು ಸಂಶೋಧನಾ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಹನ್ನೆರಡು ವರ್ಷದಿಂದ ಚಳ್ಳಕೆರೆಯ ಬಾಡಿಗೆ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ರಕ್ತ ಬೇರ್ಪಡಿಸುವುದು, ಡಿಎನ್ಎ ತೆಗೆಯುವುದು, ಸಂಜೆ ಬಂದು ಅಕ್ಕಿ ಆರಿಸುವುದು. ನನ್ನ ಮೇಲಿನವರು ಒಬ್ಬ ವಿಜ್ಞಾನಿ ಮೇಡಂ. ಮೈಸೂರಿನ ಕಡೆಯವರು, ಬಹಳ ಒಳ್ಳೆಯವರು. ಆದರೆ ಯಾವ ಮಾತನ್ನೂ ಪೂರ್ತಿಯಾಗಿ ಒಪ್ಪುವವರಲ್ಲ. ಬಿಸಿಲು ಜೋರಾಗಿದೆ ಎಂದರೂ “ಸ್ವಲ್ಪ ಮಟ್ಟಿಗೆ” ಎನ್ನುತ್ತಾರೆ.

ಮೇಡಂ ಕೆಲಸ ಇದ್ದದ್ದು ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕೋಶಗಳ ಮೇಲೆ. ಒಂದು ಪ್ರಾಣಿಯ ಮೈಯಲ್ಲಿ ಎಷ್ಟು ಕೋಟಿ ಕೋಶಗಳಿದ್ದರೂ ಹೆಚ್ಚುಕಡಿಮೆ ಎಲ್ಲದರೊಳಗೂ ಇರುವುದು ಒಂದೇ ಡಿಎನ್ಎ. ಹಾಗಿದ್ದರೂ ರಕ್ತದಲ್ಲಿ ಟಿ ಕೋಶ ಟಿ ಕೋಶದ ಕೆಲಸವನ್ನೇ ಮಾಡುತ್ತದೆ, ಬಿ ಕೋಶ ಬಿ ಕೋಶದ ಕೆಲಸವನ್ನೇ ಮಾಡುತ್ತದೆ. ಮೊದಲನೆಯದು ಸೋಂಕು ಹೊಕ್ಕ ಕೋಶವನ್ನು ಹುಡುಕಿ ಕೊಲ್ಲುತ್ತದೆ, ಎರಡನೆಯದು ಪ್ರತಿಕಾಯ ತಯಾರಿಸುತ್ತದೆ. ಇದಕ್ಕೆ ಕಾರಣಗಳಲ್ಲೊಂದು, ಡಿಎನ್ಎಯ ಕೆಲವು ಅಕ್ಷರಗಳ ಮೇಲೆ ಕೂರುವ ಮಿಥೈಲ್ ಎಂಬ ಪುಟ್ಟ ಗುರುತು. ಒಂದು ಇಂಗಾಲ, ಮೂರು ಜಲಜನಕ, ಅಷ್ಟೇ ಅದರ ಸಂಸಾರ. ಒಂದು ಜೀನಿನ ಬಾಗಿಲಲ್ಲಿ ಇಂಥ ಗುರುತುಗಳು ಗುಂಪುಗೂಡಿದರೆ ಆ ಕೋಶ ಆ ಜೀನನ್ನು ಓದುವುದಿಲ್ಲ. ಟಿ ಕೋಶದಲ್ಲಿ ತೆರೆದಿರುವ ಬಾಗಿಲು ಬಿ ಕೋಶದಲ್ಲಿ ಮುಚ್ಚಿರುತ್ತದೆ, ಬಿ ಕೋಶದಲ್ಲಿ ತೆರೆದಿರುವುದು ಟಿ ಕೋಶದಲ್ಲಿ ಮುಚ್ಚಿರುತ್ತದೆ. ಹಾಗಾದರೆ ಎಲ್ಲವನ್ನೂ ಈ ಗುರುತೇ ನಡೆಸುತ್ತದಾ ಮೇಡಂ ಎಂದು ಕೇಳಿದರೆ, “ನಡೆಸಲು ಸಹಾಯ ಮಾಡುತ್ತದೆ” ಎನ್ನುತ್ತಾರೆ.

ವಯಸ್ಸಾದಂತೆ ಈ ಗುರುತುಗಳು ಏನಾಗುತ್ತವೆ ಎಂದು ಅವರಿಗೆ ನೋಡಬೇಕಿತ್ತು. ಅದಕ್ಕೆ ವಯಸ್ಸಾದ ನಾಟಿ ದನ ಬೇಕು. ಇಡೀ ತಾಲ್ಲೂಕು ಹುಡುಕಿದೆವು. ಮುದಿ ಎತ್ತನ್ನು ಯಾರೂ ಇಟ್ಟುಕೊಂಡಿರುವುದಿಲ್ಲ ಎಂಬ ಸರಳ ಸಂಗತಿ ವಿಜ್ಞಾನಿಗಳಿಗೆ ತಿಳಿಯಲು ನಾಲ್ಕು ತಿಂಗಳು ಬೇಕಾಯಿತು. ಎತ್ತನ್ನು ಮುದಿಯಾಗಲು ಬಿಡುವವನು ನಮ್ಮಲ್ಲಿ ಒಬ್ಬನೇ, ದೇವರು.

ಮೊಳಕಾಲ್ಮೂರು ಕಡೆಯ ನಮ್ಮ ಹಟ್ಟಿಗಳಲ್ಲಿ ದೇವರ ಎತ್ತುಗಳ ಹಿಂಡು ಇರುತ್ತದೆ. ಹರಕೆ ಹೊತ್ತವರು ಕರುವನ್ನು ದೇವರಿಗೆ ಬಿಡುತ್ತಾರೆ. ಅದರ ಮೇಲೆ ದೇವರ ಮುದ್ರೆ ಬಿದ್ದ ಮೇಲೆ ಉಳುವಂತಿಲ್ಲ, ಗಾಡಿ ಕಟ್ಟುವಂತಿಲ್ಲ, ಮಾರುವಂತಿಲ್ಲ. ಮುಳ್ಳುಬೇಲಿಯ ರೊಪ್ಪದಲ್ಲಿ ಅವುಗಳ ವಾಸ. ಅವನ್ನು ಕಾಯುವವನಿಗೆ ಕಿಲಾರಿ ಎನ್ನುತ್ತಾರೆ. ನಮ್ಮ ಹಟ್ಟಿಯ ಕಿಲಾರಿ ನನ್ನ ಅವ್ವನ ತಮ್ಮ, ನನ್ನ ಸೋದರಮಾವ. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಇಪ್ಪತ್ತನೇ ವಯಸ್ಸಿಗೆ ಕಿಲಾರಿಯ ಕೋಲು ಹಿಡಿದವನು ಇವತ್ತಿಗೂ ರೊಪ್ಪದ ಬಾಯಲ್ಲಿ ಕಂಬಳಿ ಹಾಸಿ ಮಲಗುತ್ತಾನೆ.

ಈ ನೆಂಟಸ್ತಿಕೆಯ ಸುದ್ದಿಯನ್ನು ನಾನು ಕ್ಯಾಂಟೀನಿನಲ್ಲಿ ಒಮ್ಮೆ ಬಾಯಿತಪ್ಪಿ ಆಡಿಬಿಟ್ಟಿದ್ದೆ. ಮರುದಿನವೇ ಮೇಡಂ ಜೀಪು ಹೇಳಿದರು.

ಮಾವನಿಗೆ ವಿಷಯ ತಿಳಿಸುವ ಕೆಲಸ ನನ್ನದಾಯಿತು. ಒಪ್ಪಿಗೆ ಪಡೆಯುವ ಮೊದಲು ಅಧ್ಯಯನವನ್ನು ಸ್ಥಳೀಯ ಭಾಷೆಯಲ್ಲಿ ವಿವರಿಸಬೇಕೆಂಬ ನಿಯಮವಿದೆ. ನಾನು ಎರಡು ರಾತ್ರಿ ಕೂತು ಬರೆದುಕೊಂಡು ಹೋಗಿದ್ದೆ. ಮಾವ ರೊಪ್ಪದ ಹೊರಗೆ ಕೂತು ಹಗ್ಗ ಹೊಸೆಯುತ್ತಿದ್ದ.

“ಮಾವ, ಎತ್ತಿನ ಕಿವೀಲೂ ಗೊರಸಲ್ಲೂ ರಕ್ತದಲ್ಲೂ ಬರೆದಿರೋ ಬರಹ ಒಂದೇ. ಆದ್ರೂ ಕಿವಿ ಕಿವೀನೇ ಆಗ್ತೈತೆ, ಗೊರಸು ಗೊರಸೇ ಆಗ್ತೈತೆ. ಯಾಕೆ ಹೇಳು?”

“ನೀನೇ ಹೇಳು, ಓದಿರೋಳು.”

“ಕೆಲವು ಅಕ್ಷರದ ಮ್ಯಾಲೆ ಒಂದು ಗುರುತು ಬಿದ್ದಿರ್ತೈತೆ. ಗುರುತು ಬಿದ್ದ ಜಾಗ ಓದಂಗಿಲ್ಲ. ಬರಹ ಅಳಿಸಿಲ್ಲ, ಅಲ್ಲೇ ಐತೆ. ಓದಂಗಿಲ್ಲ ಅಷ್ಟೆ.”

ಮಾವ ಹಗ್ಗ ಹೊಸೆಯುವುದನ್ನೂ ನಿಲ್ಲಿಸಲಿಲ್ಲ. “ಅದ್ರಾಗೇನೈತೆ ಅಮ್ಮಾಯಿ? ನಮ್ಮ ಎತ್ತು ನೋಡು. ಹೆಗಲೈತೆ, ಕಾಲೈತೆ, ಹತ್ತೆಕರೆ ಉಳೋ ಕಸುವೈತೆ. ಮುದ್ರೆ ಬಿದ್ದ ಮ್ಯಾಲೆ ನೊಗ ಹೂಡಂಗಿಲ್ಲ. ಕಸುವು ಎಲ್ಲಿಗೋಯ್ತು? ಎಲ್ಲಿಗೂ ಹೋಗಿಲ್ಲ. ಹೂಡಂಗಿಲ್ಲ ಅಷ್ಟೆ.”

ನನಗೆ ಸಿಟ್ಟು ಬಂತು. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ವರ್ಷ ಹಿಡಿದಿತ್ತು.

“ದೇವರ ಹಸೂಗೆ ಹುಟ್ಟಿದ ಕರೂನೂ ದೇವರದೇ,” ಎಂದ ಮಾವ. “ನಿನ್ನ ಗುರುತೂ ಹಂಗೇ ಇಳೀತೈತಾ?”

“ಇಳೀತೈತೆ. ಒಂದು ಕೋಶ ಒಡೆದು ಎರಡಾದ್ರೆ, ಹೊಸ ಎಳೆ ಮ್ಯಾಲೂ ಅದೇ ಜಾಗಕ್ಕೆ ಗುರುತು ಹಾಕ್ಕೊಂಡು ಹೋಗೋ ಕೆಲಸದವನು ಒಳಗೇ ಒಬ್ಬ ಇರ್ತಾನೆ.”

“ಅವನೇ ಕಿಲಾರಿ,” ಎಂದು ಹೇಳಿ ಮಾವ ಎದ್ದು ನೀರು ಕುಡಿಯಲು ಹೋದ.

ಮೇಡಂಗೆ ಹೇಳಿದಾಗ ಅವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ಮಿಥೈಲ್ ಗುರುತನ್ನು ತೆಗೆಯಲೂ ಆಗುತ್ತದೆ, ಆದ್ದರಿಂದ ಹೋಲಿಕೆ ಸ್ವಲ್ಪ ಮಟ್ಟಿಗೆ ಮಾತ್ರ ಸರಿ ಎಂದರು.

ಅರ್ಥವಾಯಿತೆಂದು ಮಾವ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾನೆ ಎಂದುಕೊಂಡಿದ್ದೆ. ಸ್ಟಾಂಪ್ ಪ್ಯಾಡ್ ಕಂಡೊಡನೆ ಎರಡು ಕೈಯನ್ನೂ ಕಂಬಳಿಯೊಳಗೆ ಎಳೆದುಕೊಂಡ. “ಮಾಲೀಕ ಅನ್ನೋ ಕಡೆ ಬೆಟ್ಟು ಒತ್ತಿದ್ರೆ ನಾನೇ ಮಾಲೀಕ ಆಗ್ಬಿಡ್ತೀನಿ. ನಾನು ಕಾಯೋನು. ಅವನನ್ನೇ ಕೇಳ್ರಿ,” ಎಂದ.

ಅವನನ್ನು ಕೇಳುವುದಕ್ಕೂ ನಮ್ಮಲ್ಲಿ ಒಂದು ಕ್ರಮವಿದೆ. ದೇವರ ಮೇಲೆ ಹೂ ಇಟ್ಟು ಕೇಳಬೇಕು. ಬಲಗಡೆ ಬಿದ್ದರೆ ಹೌದು, ಎಡಗಡೆ ಬಿದ್ದರೆ ಇಲ್ಲ. ಒಂದು ಸೋಮವಾರ ಮೇಡಂ, ನಾನು, ಹಟ್ಟಿಯ ಯಜಮಾನರು, ಮಾವ ಎಲ್ಲ ಗುಡಿಯ ಮುಂದೆ ಕೂತೆವು. ರಕ್ತ ತೆಗೆಯಬಹುದಾ ಎಂದು ಯಜಮಾನರು ಕೇಳಿದರು. ಹೂ ತಕ್ಷಣ ಬಲಕ್ಕೆ ಬಿತ್ತು. ಮೇಡಂ ಏಳಲು ಹೋದರು. ಯಜಮಾನರು ಕೂರಿಸಿದರು. ಷರತ್ತುಗಳು ಬಾಕಿ ಇದ್ದವು.

ಚಪ್ಪಲಿ, ಬೂಟು ಹಾಕಿದವರು ರೊಪ್ಪಕ್ಕೆ ಬರಬಾರದಾ? ಬಲ. ಕೋಳಿ ತಿಂದವರು ಬರಬಾರದಾ? ಬಲ. ನಮ್ಮ ಹಟ್ಟಿಯಲ್ಲಿ ಕೋಳಿ ಸಾಕುವುದೂ ಇಲ್ಲ, ತಿನ್ನುವುದೂ ಇಲ್ಲ. ಆ ಪ್ರಶ್ನೆ ಕೇಳುವಾಗ ಯಜಮಾನರು ನನ್ನನ್ನೇ ಏಕೆ ನೋಡಿದರೋ ಗೊತ್ತಿಲ್ಲ. ಮೂರನೆಯದು: ತೆಗೆದದ್ದು ವಾಪಸ್ ಬರಬೇಕಾ?

ಹೂ ಬೀಳಲಿಲ್ಲ. ಹತ್ತು ನಿಮಿಷವಾಯಿತು. ಮೇಡಂ ತುಟಿ ಅಲ್ಲಾಡುತ್ತಿತ್ತು. ಯಾವ ಕಡೆಗೆ ಬೀಳಲಿ ಎಂದು ಬೇಡುತ್ತಿದ್ದರೆಂದು ನನಗೆ ಚೆನ್ನಾಗಿ ಗೊತ್ತು. ಕೊನೆಗೆ ಹೂ ಜಾರಿ ಬಲಕ್ಕೇ ಬಿತ್ತು.

“ವಾಪಸ್ ಅಂದರೆ ಹೇಗೆ?” ಎಂದು ಮೇಡಂ ಕೇಳಿದರು.

“ವಾಪಸ್ ಅಂದ್ರೆ ವಾಪಸ್ಸು ಕಣಮ್ಮ,” ಎಂದರು ಯಜಮಾನರು. “ಏನ್ ತಗೊಂಡೋಗ್ತೀರೋ ಅದು ರೊಪ್ಪಕ್ಕೆ ಬರ್ಬೇಕು. ಇಲ್ಲಿದ್ದನ್ನ ಕಾಯೋಕೆ ಅಂತ ಒಬ್ಬನ್ನ ಇಟ್ಟೀವಿ. ಬರ್ಲಿಲ್ಲ ಅಂದ್ರೆ ಕೇಳೋದು ಅವನ್ನೇ.”

ಮಾವ ಎದ್ದು ನಿಂತ. “ಬರ್ಲಿಲ್ಲ ಅಂದ್ರೆ ನಾನು ಕೋಲು ಇಳಿಸ್ತೀನಿ,” ಎಂದ.

ಮೇಡಂಗೆ ಅದು ಬರೀ ಮಾತು. ನನಗೆ ಹಾಗಲ್ಲ. ಕೋಲು ಇಳಿಸಿದ ಕಿಲಾರಿ ಮತ್ತೆ ರೊಪ್ಪದೊಳಗೆ ಕಾಲಿಡುವಂತಿಲ್ಲ. ಮಾವನಿಗೆ ರೊಪ್ಪ ಬಿಟ್ಟರೆ ಇನ್ನೊಂದು ಜಾಗವಿಲ್ಲ. ಆ ಇಡೀ ಮನುಷ್ಯ ಈಗ ನನ್ನ ಲ್ಯಾಬಿನ ಟ್ಯೂಬುಗಳ ಮೇಲೆ ನಿಂತಿದ್ದ.

ಪತ್ರದಲ್ಲಿ ವಿಳಾಸದ ಕಡೆ ಗುಡಿಯ ವಿಳಾಸ ಬರೆದೆವು. ಮೊಬೈಲ್ ನಂಬರಿಗೆ ಮಾವನದು. ವಯಸ್ಸಿಗೆ ‘ತಿಳಿದಿಲ್ಲ’. ಮನಸ್ಸು ಬದಲಾದರೆ ತಿಳಿಸುವ ವಿಧಾನ: ‘ಹೂವಿನ ಮೂಲಕ’. ಸಮಿತಿ ಒಪ್ಪಿಕೊಂಡಿತು. ಓದಿ ಒಪ್ಪಿತೋ ಓದದೆ ಒಪ್ಪಿತೋ, ಆ ಬಗ್ಗೆ ನಾನು ವಿಚಾರಿಸಲಿಲ್ಲ. ಒಂದು ಪ್ರಾಣಿಯಿಂದ ಒಂದೇ ಸಲ ರಕ್ತ ತೆಗೆಯಬೇಕು ಎಂಬ ಷರತ್ತು ಮಾತ್ರ ಹಾಕಿತು. ಮೇಡಂಗೆ ಅದರಿಂದ ಬಹಳ ನೋವಾಯಿತು. ಅವರಿಗೆ ಬೇಕಾಗಿದ್ದದ್ದು ಒಂದೇ ಎತ್ತಿನ ರಕ್ತ, ವರ್ಷ ವರ್ಷ.

ರಕ್ತ ತೆಗೆಯುವ ದಿನ ಯಜಮಾನರು ಮುಳ್ಳಿನ ಬಾಗಿಲಲ್ಲಿ ನನ್ನನ್ನು ತಡೆದರು. “ಕೋಳಿ ತಿಂದೀಯೇನವ್ವ?”

“ಇಲ್ರಿ.”

“ಮೊಟ್ಟೆ?”

ಕ್ಯಾಂಟೀನಿನಲ್ಲಿ ಬುಧವಾರ ಮೊಟ್ಟೆ ಸಾರು. ಅಂದು ಗುರುವಾರ. ಸುಳ್ಳು ಹೇಳಬಹುದಿತ್ತು. ಆದರೆ ಹಿಂಡಿನ ಹಿರಿಯ ಎತ್ತು ಬೇಲಿಯ ಆಚೆಯಿಂದ ನನ್ನನ್ನೇ ನೋಡುತ್ತಿತ್ತು. ಬಿಳಿ ಮೈ, ಬಾಗಿದ ಕೋಡು, ಒದ್ದೆ ಕಣ್ಣು. ಚಿಕ್ಕವಳಿದ್ದಾಗ ಅದರ ಕೊರಳ ತೊಗಲು ಹಿಡಿದು ನಿಂತವಳು ನಾನು.

“ಮೊಟ್ಟೆ ಕೋಳಿ ಅಲ್ರಿ ಯಜಮಾನ್ರೇ,” ಎಂದೆ. “ಅದರೊಳಗೆ ಬರಹ ಐತೆ, ಅದೂ ಅರ್ಧ. ಯಾವುದೂ ತೆರೆದಿಲ್ಲ. ಅಂಗಡಿ ಮೊಟ್ಟೆಗೆ ಹುಂಜನ ಗಾಳಿಯೂ ಸೋಕಿರಲ್ಲ.”

ರೊಪ್ಪದೊಳಗಿನ ಬೇವಿನ ಮರದ ಕೆಳಗೆ ಇದರ ಮೇಲೆ ಮುಕ್ಕಾಲು ಗಂಟೆ ಚರ್ಚೆಯಾಯಿತು. ಒಬ್ಬರು, ಬೀಜದಲ್ಲಿ ಹುಣಸೆಮರ ಇರುತ್ತೋ ಇಲ್ಲವೋ ಎಂದರು. ಇನ್ನೊಬ್ಬರು, ಇದ್ದರೆ ಯಾಕೆ ಬೀಜದ ನೆರಳಲ್ಲಿ ಯಾರೂ ಕೂರಲ್ಲ ಎಂದರು. ಬೂಟು ಬಿಚ್ಚದ ಮೇಡಂ ಹೊರಗೆ ಐಸ್ ಬಾಕ್ಸ್ ಹಿಡಿದು ಬಿಸಿಲಿನಲ್ಲಿ ನಿಂತಿದ್ದರು. ಜೀವವಿಜ್ಞಾನದ ಇಷ್ಟು ಒಳ್ಳೆಯ ಚರ್ಚೆ ತಾವು ಯಾವ ವಿಚಾರಸಂಕಿರಣದಲ್ಲೂ ಕೇಳಿಲ್ಲ ಎಂದು ಆಮೇಲೆ ಹೇಳಿದರು. ಕೊನೆಗೆ ನಾನು ತಲೆಗೆ ಸ್ನಾನ ಮಾಡಿ ಬಂದರೆ ಸಾಕು ಎಂದಾಯಿತು.

ಮಾವ ಆ ಹಿರಿಯ ಎತ್ತಿನ ಕತ್ತು ಹಿಡಿದ. ನಾನು ಬರಿಗಾಲಲ್ಲಿ, ತೊಟ್ಟಿಕ್ಕುವ ಕೂದಲಲ್ಲಿ, ಕತ್ತಿನ ನರದಿಂದ ನಾಲ್ಕು ಟ್ಯೂಬು ರಕ್ತ ತೆಗೆದೆ. ಅರ್ಧ ಲೋಟವೂ ಆಗಲಿಲ್ಲ. ಎತ್ತು ಕಿವಿ ಕೂಡ ಅಲ್ಲಾಡಿಸಲಿಲ್ಲ.

ಲ್ಯಾಬಿಗೆ ಬಂದ ರಕ್ತ ರಕ್ತವಾಗಿ ಉಳಿಯುವುದಿಲ್ಲ. ಗಿರಗಿರ ತಿರುಗಿಸಿ ಬಿಳಿ ಕೋಶಗಳನ್ನು ಬೇರೆ ಮಾಡಬೇಕು. ಅದರಲ್ಲಿ ಟಿ ಬೇರೆ, ಬಿ ಬೇರೆ, ಉಳಿದವು ಬೇರೆ. ಅವುಗಳನ್ನು ಒಡೆದು ಡಿಎನ್ಎ ತೆಗೆದು ಒಂದು ರಾಸಾಯನಿಕದಲ್ಲಿ ನೆನೆಸಿದರೆ ಡಿಎನ್ಎ ಬರಹದ ನಾಲ್ಕು ಅಕ್ಷರಗಳಲ್ಲಿ ಗುರುತಿಲ್ಲದ ಸಿ ಎಂಬುದು ಬೇರೆಯದಾಗಿ ಬದಲಾಗುತ್ತದೆ, ಗುರುತಿರುವ ಸಿ ಹಾಗೇ ಉಳಿಯುತ್ತದೆ. ಆಗ ಯಾವುದರ ಮೇಲೆ ಗುರುತಿತ್ತೆಂದು ಓದಬಹುದು. ಇಷ್ಟೆಲ್ಲ ಆದ ಮೇಲೆ ವಾಪಸ್ ಕೊಡಲು ಉಳಿಯುವುದು ಕೆಂಪು ಕೋಶ ಮತ್ತು ಹಳದಿ ನೀರು. ಅದನ್ನು ಒಂದು ಡಬ್ಬಿಯಲ್ಲಿ ಹಾಕಿ, ‘ರೊಪ್ಪಕ್ಕೆ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿನಲ್ಲಿಟ್ಟೆ. ಬರೆದದ್ದು ನಾನೇ, ಇಟ್ಟದ್ದು ನಾನೇ.

ಶುಕ್ರವಾರ ಲ್ಯಾಬ್ ಚೊಕ್ಕಟ ಮಾಡುವ ದಿನ. ಉಳಿದ ರಕ್ತವನ್ನೆಲ್ಲ ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರಿನಲ್ಲಿ ಬೇಯಿಸಿ, ಹಳದಿ ಚೀಲಕ್ಕೆ ಹಾಕಿ ಕಳಿಸಬೇಕು. ಒಂಬತ್ತು ವರ್ಷ ಮಾಡಿದ ಕೆಲಸ. ಬೇರೆ ಯಾರ ತಲೆಗೆ ಕಟ್ಟಲಿ? ನನ್ನ ಕೈಯೇ ಫ್ರಿಜ್ ತೆರೆಯಿತು, ಡಬ್ಬಿ ತೆಗೆಯಿತು, ಮುಚ್ಚಳ ಬಿಗಿಯಿತು. ರೊಪ್ಪದ ಬಾಗಿಲಲ್ಲಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅದೇ ಕೈ. ಲ್ಯಾಬಿನೊಳಗೆ ಬಂದೊಡನೆ ಅದಕ್ಕೆ ಆ ಪಾಠ ಮುಚ್ಚಿಹೋಗಿ ಈ ಪಾಠ ತೆರೆದುಕೊಳ್ಳುತ್ತದೆ. ಸೀಟಿ ಹೊಡೆದ ಮೇಲೆ ನೆನಪಾಯಿತು. ತೆರೆದು ನೋಡಿದರೆ ಡಬ್ಬಿಯೊಳಗೆ ಕಂದು ಬಣ್ಣದ ಗಟ್ಟಿ ಬಿಲ್ಲೆ ಇತ್ತು, ಹೆಚ್ಚು ಕಾಯಿಸಿದ ಹಲ್ವದಂತೆ.

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಮೇಡಂ ಬಂದು, ನಿಯಮದ ಪ್ರಕಾರ ನೀವು ಮಾಡಿದ್ದು ಸರಿಯಾಗಿಯೇ ಇದೆ ಎಂದು ಸಮಾಧಾನ ಹೇಳಿದರು. ಅದರಿಂದ ಇನ್ನೂ ಹೆಚ್ಚು ಅಳು ಬಂತು.

ಕ್ಯಾಂಪಸ್ಸಿನ ಆಚೆ ಹಾಲಿನ ಮನೆಯಲ್ಲಿ ಒಂದು ಮಿಶ್ರತಳಿ ಹಸು ಇತ್ತು. ಅದರ ರಕ್ತ ನಾಲ್ಕು ಟ್ಯೂಬು ತಂದುಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ? ಕೆಂಪು ಎಲ್ಲ ಕೆಂಪೇ. ಎರಡು ದಿನ ಈ ಯೋಚನೆ ನನ್ನ ತಲೆಯಲ್ಲಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಮೂರನೆಯ ದಿನ ಬಸ್ಸು ಹತ್ತಿ ಬರಿಗೈಯಲ್ಲಿ ಹಟ್ಟಿಗೆ ಹೋದೆ. ಮೇಡಂ ತಾವೂ ಬರುತ್ತೇನೆಂದು ಜತೆಗೇ ಬಂದರು. ಅಭ್ಯಾಸಬಲದಿಂದ ಖಾಲಿ ಐಸ್ ಬಾಕ್ಸನ್ನೂ ತಂದಿದ್ದರು.

ಯಜಮಾನರ ಮುಂದೆ ನಿಂತು ಹೇಳಿದೆ: “ಬೇಯಿಸ್ಬಿಟ್ಟೆ.”

ಮಾವ ನನ್ನ ಮುಖ ನೋಡಲಿಲ್ಲ. ಕೋಲನ್ನು ಎರಡು ಕೈಯಲ್ಲಿ ಹಿಡಿದು ಮುಂದೆ ಬಂದ, ಯಜಮಾನರ ಕಾಲ ಬಳಿ ಇಡಲು ಬಗ್ಗಿದ. ಅರ್ಧ ಬಗ್ಗಿದವನು ಹಾಗೇ ನಿಂತುಬಿಟ್ಟ.

“ಅಮ್ಮಾಯಿ, ರಕ್ತದಾಗಿನ ಕೋಶ ಎಷ್ಟ್ ದಿನ ಬದುಕ್ತೈತೆ ಅಂದಿದ್ದೆ?”

“ಕೆಲವು ದಿನ, ಕೆಲವು ತಿಂಗಳು. ಕೆಲವು ವರ್ಷಗಟ್ಟಲೆ.”

“ಸತ್ತಿದ್ದಕ್ಕೆ?”

“ಮೂಳೆ ಒಳಗಿಂದ ಹೊಸವು ಹುಟ್ತಾವೆ.”

“ಗುರುತು?”

“ಬೆಳೀತಾ ಬೆಳೀತಾ ಅದೇ ಜಾಗಕ್ಕೆ ಬೀಳ್ತೈತೆ.”

ಮಾವ ನೆಟ್ಟಗಾದ. “ಹಂಗಾದ್ರೆ ನೀವು ತಗೊಂಡೋಗಿದ್ದನ್ನ ಎತ್ತೇ ವಾಪಸ್ ತುಂಬಿಕೊಂಡೈತೆ. ಅದೇ ಬರಹ, ಅದೇ ಗುರುತು. ರೊಪ್ಪದೊಳಗೇ ಐತೆ. ಇನ್ನೇನ್ ಬರ್ಬೇಕು?”

ಯಜಮಾನರು ಮೀಸೆ ಸವರಿದರು. ಅದೇ ರಕ್ತ ಬಂದಿದೆ ಅನ್ನುವುದಕ್ಕೆ ಸಾಕ್ಷಿ ಏನು ಎಂದರು. ಸಾಕ್ಷಿ ಬೇಕೆಂದರೆ ಮತ್ತೊಮ್ಮೆ ತೆಗೆದು ಮೊದಲಿನದರ ಜತೆ ಹೋಲಿಸಬೇಕು ಎಂದೆ. ಸರಿ, ತೆಗೀರಿ ಎಂದರು. ಗುಡಿಗೆ ಹೋಗಿ ಹೂ ಕೇಳಿದ್ದಾಯಿತು, ಬಲಕ್ಕೆ ಬಿತ್ತು.

“ತೆಗೆದಿದ್ದು?” ಎಂದು ಒಬ್ಬರು ಕೇಳಿದರು.

“ವಾಪಸ್ ಬರ್ಬೇಕು,” ಎಂದರು ಯಜಮಾನರು.

“ಅದು ಬಂದೈತೆ ಅನ್ನೋಕೆ ಸಾಕ್ಷಿ?”

“ಮತ್ತೆ ತೆಗೀಬೇಕು.”

ಎಲ್ಲರೂ ತಲೆದೂಗಿದರು. ಇದರಲ್ಲಿ ಯಾರಿಗೂ ಏನೂ ತೊಂದರೆ ಕಾಣಲಿಲ್ಲ. ಮುಳ್ಳುಬೇಲಿಯ ಹೊರಗೆ ಮೇಡಂ ಕೈಯಿಂದ ಐಸ್ ಬಾಕ್ಸ್ ಕೆಳಗೆ ಬಿತ್ತು. ಅವರ ಕಣ್ಣಲ್ಲಿ ನೀರಿತ್ತು, ಈ ಸಲ ಸ್ವಲ್ಪ ಮಟ್ಟಿಗೆ ಅಲ್ಲ. ಮಾಲೀಕರೇ ಪದೇ ಪದೇ ರಕ್ತ ತೆಗೆಯಬೇಕೆಂದು ಒತ್ತಾಯಿಸುತ್ತಿದ್ದಾರೆ ಎಂದು ಸಮಿತಿಗೆ ಬರೆದರು. ಮಾಲೀಕರ ಕೋರಿಕೆಯನ್ನು ಸಮಿತಿ ಮನ್ನಿಸಿತು.

ಹೀಗೆ ಹೆಚ್ಚುಕಡಿಮೆ ಮೂರು ವರ್ಷ ನಡೆಯಿತು. ಆರು ತಿಂಗಳಿಗೊಮ್ಮೆ ನಾನು ಮೊಟ್ಟೆ ಬಿಟ್ಟು, ತಲೆಗೆ ನೀರು ಹಾಕಿಕೊಂಡು, ಹಿಂದಿನ ಸಲದ ರಕ್ತ ವಾಪಸ್ ಬಂದಿದೆಯೆಂದು ತೋರಿಸಲು ಹೊಸ ರಕ್ತ ತೆಗೆಯುತ್ತಿದ್ದೆ. ಫಲಿತಾಂಶವನ್ನು ಹಾಳೆಗಳಲ್ಲಿ ಅಚ್ಚು ಹಾಕಿಸಿ, ಗೋಂದು ಹಚ್ಚಿ ಉದ್ದಕ್ಕೆ ಅಂಟಿಸಿ, ಬೇವಿನ ಮರದ ಕೆಳಗೆ ಕಂಬಳಿಯ ಮೇಲೆ ಹಾಸುತ್ತಿದ್ದೆವು. ಗುರುತಿದ್ದ ಕಡೆ ನೀಲಿ ಮನೆ, ಇಲ್ಲದ ಕಡೆ ಬಿಳಿ ಮನೆ. ಮೇಲಿನ ಸಾಲು ಟಿ, ಕೆಳಗಿನದು ಬಿ. ಯಜಮಾನರು ಹಳೆಯ ಹಾಳೆಯ ಮೇಲೆ ಒಂದು ಬೆರಳು, ಹೊಸದರ ಮೇಲೆ ಒಂದು ಬೆರಳು ಇಟ್ಟುಕೊಂಡು ಹೋಗುತ್ತಿದ್ದರು. “ಇಲ್ಲಿ ನೀಲಿ, ಅಲ್ಲೂ ನೀಲಿ. ಇಲ್ಲಿ ಬಿಳಿ, ಅಲ್ಲೂ ಬಿಳಿ.” ಪೂರ್ತಿ ಮುಗಿಯುವ ಹೊತ್ತಿಗೆ ಎರಡು ಸಲ ಚಹಾ ಬರುತ್ತಿತ್ತು. ಎರಡನೆಯ ವರ್ಷಕ್ಕೆ ಹಟ್ಟಿಯ ಹೆಂಗಸರು ಕೂಡ ಟಿ ಸಾಲನ್ನೂ ಬಿ ಸಾಲನ್ನೂ ದೂರದಿಂದಲೇ ಗುರುತಿಸುತ್ತಿದ್ದರು.

ಐದನೆಯ ಸಲ ಯಜಮಾನರ ಬೆರಳು ಒಂದು ಕಡೆ ನಿಂತಿತು. “ಇಲ್ಲಿ ನೀಲಿ ತೆಳ್ಳಗಾಗೈತಲ್ಲ.” ಇನ್ನೂ ಮುಂದೆ ಹೋದರು. “ಇಲ್ಲೂ. ಇಲ್ಲಿ ಬಿಳಿ ಇದ್ದಿದ್ದು ನೀಲಿ ತಿರುಗೈತೆ.”

ಅವರು ಮಾವನ ಕೋಲಿನ ಕಡೆ ನೋಡಿದರು. ಅದೇ ರಕ್ತ ವಾಪಸ್ ಬಂದಿಲ್ಲ ಎಂದಾಗುವುದಿತ್ತು. ಮೇಡಂ ಬೇಲಿಯ ಹೊರಗಿನಿಂದಲೇ ಕೂಗಿ ಹೇಳಿದರು: “ಅದು ವಯಸ್ಸು. ವಯಸ್ಸಾದಂತೆ ಕೆಲವು ಕಡೆ ಗುರುತು ಸಡಿಲವಾಗುತ್ತೆ, ಕೆಲವು ಕಡೆ ಹೊಸದಾಗಿ ಕೂರುತ್ತೆ. ಎಲ್ಲರಿಗೂ ಆಗುತ್ತೆ.”

ಮಾವ ಕಂಬಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಆ ತೆಳು ನೀಲಿಯನ್ನು ಬಹಳ ಹೊತ್ತು ನೋಡಿದ. “ಒಳಗಿನ ಕಿಲಾರಿಗೂ ವಯಸ್ಸಾಗೈತೆ,” ಎಂದ. ಅಂದು ಚಹಾ ಕುಡಿಯಲಿಲ್ಲ.

ಆರನೆಯ ಸಲ ರಕ್ತ ತೆಗೆದದ್ದು ಕಳೆದ ಮಾಘದಲ್ಲಿ. ಎತ್ತು ಎದ್ದು ನಿಲ್ಲಲು ಎರಡು ಸಲ ಪ್ರಯತ್ನಿಸಬೇಕಾಯಿತು. ಬೇಡ ಅನ್ನಿಸಿತು ನನಗೆ. ಆದರೆ ಬೇಡ ಅಂದರೆ ಐದನೆಯದಕ್ಕೆ ಸಾಕ್ಷಿ ಇರುವುದಿಲ್ಲ. ತೆಗೆದೆ. ಎರಡು ದಿನ ಬಿಟ್ಟು ಬೆಳಿಗ್ಗೆ ಬಸ್ಸಿಗೆ ನಿಂತಿದ್ದಾಗ ಮಾವನ ಫೋನು ಬಂತು.

“ಅಮ್ಮಾಯಿ, ನಿನ್ ತಾವ ಎಷ್ಟೈತೆ?”

ಅಷ್ಟೇ ಕೇಳಿದ. ಎತ್ತು ಸತ್ತಿದೆಯೆಂದು ನನಗೆ ತಿಳಿಯಿತು. ಅರ್ಧ ಲೋಟದಷ್ಟೂ ಇಲ್ಲದ ರಕ್ತದಿಂದ ಎತ್ತು ಸಾಯುವುದಿಲ್ಲ, ಅದು ನನಗೆ ಗೊತ್ತು. ಆದರೂ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈಯನ್ನು ನಾನೇ ನೋಡಲಾಗಲಿಲ್ಲ.

ಇನ್ನು ಎತ್ತು ತಾನಾಗಿ ತುಂಬಿಕೊಳ್ಳುವಂತಿರಲಿಲ್ಲ. ಮತ್ತೆ ತೆಗೆದು ಸಾಕ್ಷಿ ತೋರಿಸುವಂತೆಯೂ ಇರಲಿಲ್ಲ. ಮಾವನ ಕೋಲು ಉಳಿಯಲು ಇದ್ದ ದಾರಿ ಒಂದೇ, ತೆಗೆದ ರಕ್ತವನ್ನೇ ತಂದುಕೊಡುವುದು. ಪುಣ್ಯಕ್ಕೆ ಆ ವಾರ ನಮ್ಮ ರಕ್ತ ತಿರುಗಿಸುವ ಯಂತ್ರ ಕೆಟ್ಟಿತ್ತು. ನಾಲ್ಕೂ ಟ್ಯೂಬು ಹಾಗೇ ಇದ್ದವು, ಒಡೆಯದ, ಬೇರ್ಪಡಿಸದ, ಎತ್ತಿನೊಳಗಿದ್ದ ಹಾಗಿನ ರಕ್ತ. ಅದಕ್ಕಾಗಿಯೇ ಮೇಡಂ ಮೂರು ವರ್ಷ ಕಾದಿದ್ದರು. ಸಾಯುವ ಎರಡು ದಿನ ಮುಂಚಿನ ಮಾದರಿ ಜಗತ್ತಿನಲ್ಲಿ ಯಾರ ಹತ್ತಿರ ಇರುತ್ತದೆ?

ಅವರ ಕೋಣೆಗೆ ಹೋಗಿ ವಿಷಯ ಹೇಳಿದೆ. ಮೇಡಂ ಫ್ರಿಜ್ ತೆರೆದು, ನಾಲ್ಕು ಟ್ಯೂಬು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು ನೋಡಿದರು. ಒಂದನ್ನು ಮಾತ್ರ ಇಟ್ಟುಕೊಳ್ಳಲಾ ಎಂದು ಕೇಳುತ್ತಾರೆ ಅಂದುಕೊಂಡೆ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ಇವತ್ತಿಗೂ ಗೊತ್ತಿಲ್ಲ.

“ಐಸ್ ತುಂಬಿಸಿ,” ಎಂದರು.

ಹಟ್ಟಿಯಲ್ಲಿ ಎತ್ತಿಗೆ ಮನುಷ್ಯರಿಗೆ ಮಾಡುವಂತೆಯೇ ಎಲ್ಲ ಮಾಡಿದ್ದರು. ಅರಿಸಿನ, ಹೂವು, ಹೊಸ ಬಟ್ಟೆ. ರೊಪ್ಪದೊಳಗೇ ಹಿಂಭಾಗದಲ್ಲಿ ಗುಂಡಿ ತೋಡಿದ್ದರು. ಮೇಡಂ ಮುಳ್ಳಿನ ಬಾಗಿಲ ಬಳಿ ಬೂಟು ಬಿಚ್ಚಿದರು, ಕಾಲುಚೀಲ ಬಿಚ್ಚಿ ಅದರೊಳಗೆ ತುರುಕಿದರು. ಮೂರು ವರ್ಷದಲ್ಲಿ ಮೊದಲ ಸಲ ಒಳಗೆ ಬಂದರು. ಯಾರೂ ಅವರನ್ನು ಕೋಳಿಯ ಬಗ್ಗೆ ಕೇಳಲಿಲ್ಲ. ಮಾವ ಗುಂಡಿಯ ಅಂಚಿನಲ್ಲಿ ಕೋಲು ಹಿಡಿದು ನಿಂತಿದ್ದ. ನಾನು ಟ್ಯೂಬುಗಳ ಮುಚ್ಚಳ ಬಿಚ್ಚಿ ಒಂದೊಂದಾಗಿ ಕೊಟ್ಟೆ. ಅವನು ಎತ್ತಿನ ಕತ್ತಿನ ಮೇಲೆ, ನಾನು ಸೂಜಿ ಚುಚ್ಚಿದ ಜಾಗದಲ್ಲೇ, ಒಂದೊಂದಾಗಿ ಸುರಿದ. ನಾಲ್ಕನೆಯದು ಖಾಲಿಯಾದ ಮೇಲೆ ಟ್ಯೂಬನ್ನು ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿದ.

“ಬಂತು,” ಎಂದರು ಯಜಮಾನರು. ಹಾಳೆ ಕೇಳಲಿಲ್ಲ, ಹೂ ಕೇಳಲಿಲ್ಲ.

ಮಣ್ಣು ಎಳೆದಾಯಿತು. ಎಲ್ಲರೂ ಕೈ ತೊಳೆಯಲು ಹೋಗುವಾಗ ನಾನು ಚೀಲದಿಂದ ಲ್ಯಾಬಿನ ರಿಜಿಸ್ಟರ್ ತೆಗೆದೆ. ತರಲೇಬೇಕಿತ್ತು. ಲ್ಯಾಬಿನಿಂದ ಹೊರಗೆ ಹೋದ ಪ್ರತಿ ಟ್ಯೂಬಿನ ಗತಿ ಅದರಲ್ಲಿ ಬರೆಯಬೇಕು. ‘ವಿಲೇವಾರಿ ವಿಧಾನ’ ಎಂಬ ಕಡೆ ಹನ್ನೆರಡು ವರ್ಷ ಒಂದೇ ಮಾತು ಬರೆದಿದ್ದೆ, ‘ಬೇಯಿಸಿ ಹಳದಿ ಚೀಲಕ್ಕೆ’. ಅದರ ಕೆಳಗೆ ‘ಮಾಲೀಕರಿಗೆ ಹಿಂತಿರುಗಿಸಲಾಗಿದೆ’ ಎಂದು ಬರೆದೆ. ಪಕ್ಕದಲ್ಲಿ ಇನ್ನೊಂದು ಅಂಕಣ ಇರುವುದು ಆಗಲೇ ನೆನಪಾಯಿತು: ‘ಪಡೆದುಕೊಂಡವರ ಸಹಿ’. ಪುಸ್ತಕ ಮುಚ್ಚಲು ಹೋದೆ.

“ಏನ್ ಕೇಳ್ತೈತೆ ಅದು?” ಎಂದ ಮಾವ.

“ಯಾರು ಇಸ್ಕೊಂಡ್ರು ಅಂತ.”

ಮಾವ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈ ಚಾಚಿದ. ಸ್ಟಾಂಪ್ ಪ್ಯಾಡ್ ತಂದಿರಲಿಲ್ಲ ನಾನು. ಬೇಕಾಗಲಿಲ್ಲ. ಗುಂಡಿಯ ಹಸಿ ಮಣ್ಣೂ ರಕ್ತವೂ ಮೆತ್ತಿದ್ದ ಹೆಬ್ಬೆಟ್ಟನ್ನು ನಾನು ತೋರಿಸಿದ ಜಾಗದಲ್ಲಿ ಒತ್ತಿದ, ಗೆರೆಗಳು ಸರಿಯಾಗಿ ಮೂಡಲೆಂದು ಇನ್ನೊಮ್ಮೆ ಒತ್ತಿದ. ಆಮೇಲೆ ಉಳಿದ ಎತ್ತುಗಳನ್ನು ಮೇಯಿಸಲು ಹೊಡೆದುಕೊಂಡು ಹೋದ.